ಅರಬೈಲ್ ಇಳಿಯೋ ಮುನ್ನ ಹಿಂಭಾರ ನೋಡಿ

ಹುಬ್ಬಳ್ಳಿಯಿಂದ ಟ್ರೇಲರ್ ಮನೆ ಎಳ್ಕೊಂಡು ಬರ್ತೀನಿ ಅಂದ ತಮ್ಮನಿಗೆ ನಾನು ಕೇಳಿದ್ದು ಒಂದೇ: ಹಿಚ್ ಯಾವ್ದು? ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದೇ ನಮ್ಮ ರಾಮನಗುಳಿಗೆ ಬರಬೇಕು. ಆ ತಿರುವಿನಲ್ಲಿ ಟ್ರೇಲರ್ ಬಾಲ ಆಡಿಸಿದರೆ ಕಾರನ್ನೂ ಎಳೆದೊಯ್ಯುತ್ತದೆ.

ಎತ್ತಿನಗಾಡಿ ಹೂಡಿದವರಿಗೆ ಇದು ಗೊತ್ತು. ಹಿಂಭಾರವಾದರೆ ನೊಗ ಮೇಲೇಳುತ್ತೆ, ಎತ್ತಿನ ಕೊರಳು ಬಿಗಿಯುತ್ತೆ. ಇಲ್ಲೂ ಅದೇ ಲೆಕ್ಕ: ತುಂಬಿದ ತೂಕದ ಶೇ. 10ರಿಂದ 15 ಕೊಕ್ಕೆಯ ಮೇಲಿರಬೇಕು, ಟನ್ನಿಗೆ 100–150 ಕಿಲೋ. ಅದರಿಂದ ಕಾರಿನ ಹಿಂಬದಿ ಕುಸಿದು ಮುಂದಿನ ಚಕ್ರ ಹಗುರಾದರೆ ಸ್ಟೀರಿಂಗ್ ಹಿಡಿತ ತಪ್ಪುತ್ತೆ. ಆಗ ಬೇಕಾಗೋದು ಸ್ಪ್ರಿಂಗ್ ಬಾರ್ ಹಿಚ್. ಭಾರವನ್ನು ಮುಂದಿನ ಚಕ್ರಕ್ಕೂ ಟ್ರೇಲರ್ ಚಕ್ರಕ್ಕೂ ಹಂಚುತ್ತೆ. ಓಲಾಟ ತಡೆಯುವ ಬಾರ್ ಬೇರೆಯದೇ. ಹಿಂದೆ ಹೇರಿದ ಭಾರವನ್ನು ಅದೂ ಸರಿಮಾಡಲ್ಲ, ನೀರಿನ ಟ್ಯಾಂಕ್ ಅಚ್ಚಿನ ಹತ್ತಿರ ಇಡ್ಬೇಕು.

ಕಾರಿನ ಕೈಪಿಡಿಯೇ ಅಷ್ಟು ಭಾರ ಒಪ್ಪದಿದ್ರೆ? ಸಣ್ಣ ಟ್ರೇಲರ್ ಹುಡುಕು ಅಂದೆ.