ಬಚ್ಚಲಿನ ಟೈಲ್ಸ್: ಹೊಳಪಿನ ಅಡಿಯಲ್ಲಿ ಏನಿದೆ?

ಟೈಲ್ಸ್ ಕೆಲಸ ಮುಗಿದ ದಿನ ಯಾವ ಬಚ್ಚಲುಮನೆಯಾದರೂ ಚೆನ್ನಾಗಿಯೇ ಕಾಣುತ್ತದೆ. ದೋಷಗಳು ಹೊರಬೀಳುವುದು ತಿಂಗಳುಗಳು ಕಳೆದ ಮೇಲೆ. ಎಷ್ಟೋ ಸಲ ಕೆಳಗಿನ ಮನೆಯ ಚಾವಣಿಯಲ್ಲಿ, ಒದ್ದೆ ಕಲೆಯಾಗಿ. ಆದರೆ ಕಂಟ್ರಾಕ್ಟರ್‌ಗೆ ಕೊನೆಯ ಕಂತು ಕೊಡುವ ಮೊದಲೇ ಕೆಲಸವನ್ನು ಅಳೆಯಬಹುದು. ಒಂದು ನಾಣ್ಯ, ಒಂದು ರಸಮಟ್ಟ, ಒಂದು ಬಕೆಟ್ ನೀರು ಇದ್ದರೆ ಸಾಕು.

ಮೊದಲು ನಾಣ್ಯ. ತೆಂಗಿನಕಾಯಿ ಕೊಳ್ಳುವವರು ತಟ್ಟಿ ನೋಡುವಂತೆ ಪ್ರತಿ ಟೈಲ್‌ನ ನಡುವೆಯೂ ನಾಲ್ಕು ಮೂಲೆಗಳಲ್ಲೂ ಮೆಲ್ಲಗೆ ತಟ್ಟಬೇಕು. ಅಡಿಯ ಗಾರೆಗೆ ಪೂರ್ತಿ ಅಂಟಿದ ಟೈಲ್ ಗಟ್ಟಿಯಾದ, ಮೊಟಕು ಸದ್ದು ಕೊಡುತ್ತದೆ. ಅಡಿಯಲ್ಲಿ ಗಾಳಿ ಉಳಿದಿದ್ದರೆ ಅಷ್ಟು ಭಾಗ ತಮಟೆಯ ಚರ್ಮದ ಹಾಗೆ ಕಂಪಿಸಿ ಪೊಳ್ಳು ಸದ್ದು ಬರುತ್ತದೆ. ಭಾರ ಬಿದ್ದಾಗ ಬಿರುಕು ಬಿಡುವುದೂ, ನೀರು ಇಳಿದು ನಿಲ್ಲುವುದೂ ಅಲ್ಲೇ. ಒದ್ದೆಯಾಗುವ ಜಾಗಗಳಲ್ಲಿ ಟೈಲ್‌ನ ಹಿಂಬದಿಯ ಶೇ 95ರಷ್ಟಾದರೂ ಅಂಟಿಗೆ ತಾಗಿರಬೇಕು ಎನ್ನುತ್ತದೆ ಅಮೆರಿಕದ ಮಾನದಂಡ. ನಾಲ್ಕು ಮೂಲೆ, ನಡುವೊಂದು ಎಂದು ಐದು ಉಂಡೆ ಗಾರೆ ಇಟ್ಟು ಒತ್ತಿದರೆ ಅದು ಸಾಧ್ಯವಿಲ್ಲ. ಹಲ್ಲುಗಳಿರುವ ಕರಣೆಯಿಂದ ಅಂಟನ್ನು ಒಂದೇ ದಿಕ್ಕಿಗೆ ಗೀರಿ ಟೈಲ್ ಕೂರಿಸಿದರೆ ಗಾಳಿ ಆಚೆ ಹೋಗಲು ದಾರಿ ಸಿಗುತ್ತದೆ.

ಅಂಟಿನ ಆಯ್ಕೆಯೂ ಟೈಲ್ಸ್‌ನ ಜಾತಿಯನ್ನು ಅವಲಂಬಿಸಿದೆ. ಗೋಡೆಗೆ ಬಳಸುವ ಸಾಮಾನ್ಯ ಸೆರಾಮಿಕ್ ಟೈಲ್ಸ್ ತನ್ನ ತೂಕದ ಶೇ 10ಕ್ಕಿಂತ ಹೆಚ್ಚು ನೀರು ಹೀರಬಲ್ಲದು. ಸಿಮೆಂಟ್ ಹಾಲು ಅದರ ರಂಧ್ರಗಳಿಗೆ ಇಳಿದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ಸ್ ಹೀರುವುದು ಶೇ 0.5ಕ್ಕಿಂತಲೂ ಕಡಿಮೆ. ಬರಿಯ ಸಿಮೆಂಟಿಗೆ ಅಲ್ಲಿ ಹಿಡಿತವೇ ಸಿಗದು. ಪಾಲಿಮರ್ ಬೆರೆತ ಅಂಟು ಬೇಕು. ಇಂಥ ಅಂಟುಗಳಿಗೆ ಭಾರತದಲ್ಲಿ ಐಎಸ್ 15477 ಎಂಬ ಮಾನದಂಡವಿದೆ. ಚೀಲದ ಮೇಲೆ ಆ ಸಂಖ್ಯೆ ಇದೆಯೇ ಎಂದು ಮನೆಯವರೇ ನೋಡಬಹುದು.

ಎರಡನೆಯದು ಇಳಿಜಾರು. ಮೀಟರಿಗೆ 10ರಿಂದ 20 ಮಿಲಿಮೀಟರ್ ಇಳಿಕೆ ಇದ್ದರೆ ನೀರು ತಾನಾಗಿ ಜಾಲರಿಯತ್ತ ಹರಿಯುತ್ತದೆ. ರಸಮಟ್ಟ ಇಟ್ಟು ನೋಡಿದ ಮೇಲೆ ದೂರದ ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿಯಬೇಕು. ಹತ್ತು ನಿಮಿಷದ ನಂತರವೂ ಎಲ್ಲಾದರೂ ಮಡು ನಿಂತಿದ್ದರೆ ಅಲ್ಲಿ ತಗ್ಗಿದೆ ಎಂದೇ ಅರ್ಥ.

ಬೆರಳಿನಿಂದ ಸಂದುಗಳನ್ನು ಸವರುವುದೂ ಉಪಯುಕ್ತ. ಪಕ್ಕದ ಟೈಲ್‌ಗಿಂತ ಒಂದು ಅಂಚು ಎದ್ದಿದ್ದರೆ ಕಾಲಿಗೆ ತಾಗುತ್ತದೆ, ಕೊಳೆ ಕೂರುತ್ತದೆ. ಸಂದೇ ಬಿಡದೆ ಒತ್ತಾಗಿ ಕೂರಿಸಿದ್ದೂ ತಪ್ಪು. ಬಿಸಿಗೆ ಹಿಗ್ಗುವ ಟೈಲ್ಸ್‌ಗೆ ಜಾಗವಿಲ್ಲದಿದ್ದರೆ ಅವು ಒಂದನ್ನೊಂದು ತಳ್ಳಿ ಮೇಲೇಳಬಹುದು. ಎರಡು ಮೂರು ಮಿಲಿಮೀಟರಿನ ಸ್ಪೇಸರ್ ಇಡುವುದು ಅದಕ್ಕೇ.

ಇಷ್ಟೆಲ್ಲ ಸರಿಯಿದ್ದರೂ ನೀರು ತಡೆಯುವ ಹೊಣೆ ಟೈಲ್ಸ್‌ನದಲ್ಲ. ಸಂದುಗಳಿಗೆ ತುಂಬುವ ಸಿಮೆಂಟ್ ಗ್ರೌಟ್ ಸೂಕ್ಷ್ಮರಂಧ್ರಗಳಿರುವ ವಸ್ತು. ಅದರ ಮೂಲಕ ನೀರು ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಸಂದಿನಲ್ಲಿ ಮತ್ತೆ ಮತ್ತೆ ಮೂಡುವ ಬಿಳಿ ಪುಡಿ ಅದರ ಗುರುತು: ಸಿಮೆಂಟಿನ ಲವಣಗಳು ನೀರಿನೊಡನೆ ಮೇಲೆ ಬಂದು ಒಣಗಿರುತ್ತವೆ. ನೀರನ್ನು ನಿಜವಾಗಿ ತಡೆಯುವುದು ಟೈಲ್ಸ್‌ನ ಅಡಿಯ ವಾಟರ್‌ಪ್ರೂಫಿಂಗ್ ಪದರ. ಅದು ಒಣಗಿದ ಮೇಲೆ, ಟೈಲ್ಸ್ ಹಾಕುವ ಮುನ್ನ, ಜಾಲರಿ ಮುಚ್ಚಿ ನೀರು ಕಟ್ಟಿ ಗೋಡೆಯ ಮೇಲೆ ಮಟ್ಟ ಗುರುತು ಮಾಡಬೇಕು. 24ರಿಂದ 48 ಗಂಟೆ ಬಿಟ್ಟು ಮಟ್ಟವನ್ನೂ ಕೆಳಗಿನ ಚಾವಣಿಯನ್ನೂ ನೋಡಬೇಕು. ಈ ಪರೀಕ್ಷೆ ಆಗದೆ ಟೈಲ್ಸ್ ಕೂರಿಸಕೂಡದು ಎಂಬ ಷರತ್ತನ್ನು ಕರಾರಿನಲ್ಲೇ ಬರೆಸುವುದು ಒಳ್ಳೆಯದು. ಟೈಲ್ಸ್ ಹಾಕಿದ ಮೇಲೆ ಆ ಪದರವನ್ನು ನೋಡಬೇಕೆಂದರೆ ನೆಲವನ್ನು ಒಡೆಯಲೇಬೇಕಾಗುತ್ತದೆ.