ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಚರಿತ್ರೆ

ಚರಿತ್ರೆಯೆಂದರೆ ಅರಸರ ವಂಶಾವಳಿ, ಶಿಲಾಶಾಸನ, ತಾಮ್ರಪಟಗಳೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಶಾಸನಗಳ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಹಳದಿಗಟ್ಟುತ್ತಿರುವ ಭಾವಚಿತ್ರಗಳೂ ಕಾರ್ಡುಗಳೂ ನಾಡಿನ ಸಾಕ್ಷಿಗಳೇ ಎಂಬುದನ್ನು ನಾವು ಮರೆತಿದ್ದೇವೆ.

ಹಂಪೆಯ ನಿದರ್ಶನವನ್ನೇ ನೋಡೋಣ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು 1856ರಲ್ಲಿ ಮೇಣ ಹಿಡಿಸಿದ ಕಾಗದದ ಮೇಲೆ ಅಲ್ಲಿನ ಗುಡಿಗೋಪುರಗಳ ಛಾಯೆಯನ್ನು ಹಿಡಿದನು. ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲುರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ಆ ಶಿಖರವಿಲ್ಲ. ರಥವು ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಂಬುವ ಯಾತ್ರಿಕನನ್ನು ತಿದ್ದಲು ಆ ಒಂದು ಚಿತ್ರವೇ ಸಾಕು. ನಮ್ಮ ಕಲ್ಲುಗಳಿಗೆ ಪರದೇಶೀಯನೊಬ್ಬನು ತೋರಿದ ಆಸ್ಥೆಯನ್ನು ನಮ್ಮ ಹಿರಿಯರ ಮುಖಗಳಿಗೆ ನಾವು ತೋರಬೇಡವೆ?

ವಿಜಯನಗರದ ಹೆಸರನ್ನೇ ಹೊತ್ತ ಇನ್ನೊಂದು ನಗರವೂ ಈ ನಾಡಿನಲ್ಲಿ ಎದ್ದು ಮರೆಯಾಯಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ಸಿನ 39ನೆಯ ಅಧಿವೇಶನದ ಬೀಡು ಅದು. ಮಹಾತ್ಮರು ಅಧ್ಯಕ್ಷಪೀಠವನ್ನಲಂಕರಿಸಿದ ಅಧಿವೇಶನ ಅದೊಂದೇ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಬಿಡಾರಗಳೆದ್ದವು. ಜನರ ನೀರಿಗಾಗಿ ತೋಡಿದ ಬಾವಿಗೆ ಪಂಪಾಸರೋವರವೆಂದು ಹೆಸರಾಯಿತು. ಬಾವಿ ಇಂದಿಗೂ ಉಂಟು. ಬಿಡಾರಗಳು ಚಿತ್ರಗಳಲ್ಲಿ ಮಾತ್ರ ಉಳಿದಿವೆ.

ಅಂಥದೊಂದು ಚಿತ್ರವನ್ನು ಮೊನ್ನೆ ಪರಿಚಿತರೊಬ್ಬರ ಮನೆಯಲ್ಲಿ ಕಂಡೆವು. ಖಾದಿ ತೊಟ್ಟ ಹನ್ನೊಂದು ಮಂದಿ ಸ್ವಯಂಸೇವಕರು. ಕೆಳಗೆ 'ಬೆಳಗಾವಿ 1924' ಎಂಬಷ್ಟೇ ಬರಹ. ಮನೆಯವರು ಗುರುತಿಸಬಲ್ಲವರಾಗಿದ್ದುದು ತಮ್ಮ ತಾತನವರೊಬ್ಬರನ್ನು ಮಾತ್ರ. "ಎಲ್ಲರ ಹೆಸರೂ ನಮ್ಮ ಅಜ್ಜಿಗೆ ಬಾಯಿಪಾಠವಾಗಿತ್ತು; ನಾವು ಕೇಳಲಿಲ್ಲ, ಅವರು ಹೋಗಿಬಿಟ್ಟರು" ಎಂದು ಯಜಮಾನರು ತಲೆ ತಗ್ಗಿಸಿದರು. ಪೆಟ್ಟಿಗೆಯ ತಳದಲ್ಲಿ ತಾತನವರೇ ಮನೆಗೆ ಬರೆದಿದ್ದ ಕಾರ್ಡೊಂದು ದೊರೆಯಿತು. ಅದರಲ್ಲಿ ಜೊತೆಗಾರರಿಬ್ಬರ ಹೆಸರೂ ಊರೂ ಇದ್ದವು. ಟಪ್ಪಾಲಿನ ಮುದ್ರೆಯಲ್ಲಿ ತಾರೀಖಿತ್ತು. ಚಿತ್ರದಲ್ಲಿ ಆ ಇಬ್ಬರು ಯಾರೆಂಬುದು ಇನ್ನೂ ತಿಳಿಯದು. ಆದರೆ ವಿಚಾರಿಸಲು ಎರಡು ಊರುಗಳಾದರೂ ಸಿಕ್ಕಿದವು. ನಮ್ಮ ದೇಶದಲ್ಲಿ 1879ರಲ್ಲಿ ಕಾಲಾಣೆಯ ಕಾರ್ಡು ಬಂದಂದಿನಿಂದ ಸಾಮಾನ್ಯರ ಮನೆಗಳಲ್ಲಿಯೂ ಇಂಥ ಲಿಖಿತ ಸಾಕ್ಷ್ಯ ಸಂಚಯವಾಗುತ್ತ ಬಂದಿದೆ. ಅದನ್ನೇ ನಾವು ರದ್ದಿಯವನ ತಕ್ಕಡಿಗೆ ಹಾಕುತ್ತಿದ್ದೇವೆ.

ಮಾಡಬೇಕಾದ ಕಾರ್ಯಕ್ಕೆ ಹಣ ಬೇಡ, ಸರಕಾರದ ಅಪ್ಪಣೆಯೂ ಬೇಡ. ಹಿರಿಯರ ಮುಂದೆ ಚಿತ್ರಗಳನ್ನಿಟ್ಟು ಹೆಸರು, ಊರು, ವರ್ಷಗಳನ್ನು ಕೇಳಿರಿ. ಅವನ್ನು ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಒತ್ತದೆ ಬರೆಯಿರಿ. ಶಾಯಿ ಬೇಡ, ಅದು ಮುಂಬದಿಗೆ ಇಳಿಯುತ್ತದೆ. ಅಂಚೆಚೀಟಿಯ ಆಸೆಗೆ ಕಾರ್ಡನ್ನು ಕತ್ತರಿಸಬೇಡಿರಿ. ಮುದ್ರೆಯೊಡನೆ ತಾರೀಖೂ ಹೋಗುತ್ತದೆ. ಬಿಸಿಲು, ತೇವಗಳಿಂದ ಎಲ್ಲವನ್ನೂ ಕಾಪಾಡಿರಿ. ಮೊಬೈಲಿನಲ್ಲಿ ಪ್ರತಿ ತೆಗೆದು ಊರಿನ ಪುಸ್ತಕ ಭಂಡಾರಕ್ಕೂ ಶಾಲೆಗೂ ಕೊಡಿರಿ; ಆದರೆ ಪ್ರತಿಯಿದೆಯೆಂದು ಮೂಲವನ್ನು ಎಸೆಯದಿರಿ.

ಸ್ವಾತಂತ್ರ್ಯಕ್ಕಾಗಿ ದುಡಿದವರಲ್ಲಿ ಹೆಚ್ಚಿನವರು ಹೆಸರನ್ನು ಬಯಸಲಿಲ್ಲ. ಅದು ಅವರ ದೊಡ್ಡತನ. ಅವರ ಹೆಸರನ್ನು ನಾವು ಕೇಳದಿದ್ದರೆ ಅದು ನಮ್ಮ ಸಣ್ಣತನವಾದೀತು. ವಾಚಕ ಮಹಾಶಯರು ಈ ಭಾನುವಾರವೇ ತಮ್ಮ ಅಟ್ಟದ ಪೆಟ್ಟಿಗೆಯನ್ನು ಕೆಳಗಿಳಿಸಲಿ; ಮನೆಯ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಲಿ.