ಬೈಪಾಸ್ ನಂತರ ಸಿಆರ್‌ಪಿ ಏರಿದೆಯೇ? ಗಾಬರಿ ಬೇಡ

ಯಜಮಾನರಿಗೋ ಮಾವನವರಿಗೋ ಬೈಪಾಸ್ ಆಗಿ ಎರಡು ದಿನ. ಡಾಕ್ಟರು 'ಎಲ್ಲಾ ಚೆನ್ನಾಗಿದೆ' ಅಂದಿದ್ದಾರೆ. ಆದರೆ ಲ್ಯಾಬ್ ರಿಪೋರ್ಟಿನಲ್ಲಿ 'ಸಿಆರ್‌ಪಿ 160' ಅಂತ ದಪ್ಪಕ್ಷರದಲ್ಲಿದೆ. ಪಕ್ಕದಲ್ಲೇ '5ಕ್ಕಿಂತ ಕಡಿಮೆ ಇರಬೇಕು' ಎಂಬ ಸೂಚನೆ. ಎದೆ ಧಸಕ್ಕೆನ್ನುವುದು ಸಹಜವೇ. ಆದರೆ ಭಯಪಡುವ ಮುನ್ನ ಆ ಸಂಖ್ಯೆ ಏನು ಹೇಳುತ್ತಿದೆ ಅಂತ ತಿಳಿದುಕೊಳ್ಳಿ.

ಯಾಕೆ ಏರುತ್ತದೆ?

ಕಾಲಿಗೆ ಮುಳ್ಳು ಚುಚ್ಚಿದರೆ ಸುತ್ತಲೂ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದೇ ಉರಿಯೂತ. ಗಾಯ ಮಾಯಲು ದೇಹ ಮಾಡಿಕೊಳ್ಳುವ ಏರ್ಪಾಡು. ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಎದೆಮೂಳೆಯನ್ನೇ ಸೀಳುತ್ತಾರೆ. ಕಾಲಿನಿಂದ ರಕ್ತನಾಳ ತೆಗೆಯುವುದೂ ಉಂಟು. ಹಾರ್ಟ್-ಲಂಗ್ ಮಷಿನ್ ಬಳಸಿದ್ದರೆ ರಕ್ತವೆಲ್ಲಾ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸುತ್ತಿ ಬಂದಿರುತ್ತದೆ. ಇಷ್ಟಾದ ಮೇಲೆ ದೇಹ ಸುಮ್ಮನಿದ್ದೀತೇ?

ಮೊದಲ ಕೆಲವೇ ಗಂಟೆಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ರಕ್ತದಲ್ಲಿ ಹೆಚ್ಚುತ್ತದೆ. ಅದರಿಂದ ಸೂಚನೆ ಪಡೆದ ಲಿವರ್, ಸಿಆರ್‌ಪಿ ಎಂಬ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಆಪರೇಷನ್ನಿನ ನಂತರ ಎರಡು-ಮೂರನೇ ದಿನಕ್ಕೆ ಇದು ಗರಿಷ್ಠ ಮಟ್ಟ ಮುಟ್ಟುತ್ತದೆ. ಆಗ ನೂರು ದಾಟುವುದು ಮಾಮೂಲು. ಬಿಳಿ ರಕ್ತಕಣಗಳೂ ಹೆಚ್ಚುತ್ತವೆ. ಸೋಂಕು ಇಲ್ಲದಿದ್ದರೂ ಹೀಗಾಗುತ್ತದೆ.

ಇಳಿಯುತ್ತಿದೆಯಾ ನೋಡಿ

ಏರಿದ ಸಿಆರ್‌ಪಿ ದಿನದಿಂದ ದಿನಕ್ಕೆ ಇಳಿಯುತ್ತಾ ಬಂದರೆ ಒಳ್ಳೆಯ ಲಕ್ಷಣ. ಪೂರ್ತಿ ಮೊದಲಿನಂತಾಗಲು ಕೆಲವು ವಾರಗಳೇ ಬೇಕು. ಆದರೆ ಇಳಿದದ್ದು ಮತ್ತೆ ಏರಿದರೆ, ಅಥವಾ ಇಳಿಯುವ ಸೂಚನೆಯೇ ಇಲ್ಲದಿದ್ದರೆ ಗಾಯದಲ್ಲೋ ಶ್ವಾಸಕೋಶದಲ್ಲೋ ಮೂತ್ರದಲ್ಲೋ ಸೋಂಕಿದೆಯೇ ಅಂತ ಡಾಕ್ಟರು ಹುಡುಕುತ್ತಾರೆ.

ಇವು ನೆನಪಿರಲಿ

* ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಡಿ. ಒಂದೇ ಸಂಖ್ಯೆಯಿಂದ ಏನೂ ತೀರ್ಮಾನಿಸಬೇಡಿ.

* ಅಳತೆ ಗಮನಿಸಿ. ಡೆಸಿಲೀಟರಿಗೆ 16 ಮಿಲಿಗ್ರಾಂ ಅಂದರೂ ಲೀಟರಿಗೆ 160 ಮಿಲಿಗ್ರಾಂ ಅಂದರೂ ಒಂದೇ. ಲ್ಯಾಬ್ ಬದಲಾದಾಗ ಇಲ್ಲೇ ಎಡವಟ್ಟಾಗುವುದು.

* ಮನೆಗೆ ಬಂದ ಮೇಲೆ ಜ್ವರ, ಹೊಲಿಗೆ ಹಾಕಿದ ಜಾಗದಲ್ಲಿ ಕೆಂಪು ಅಥವಾ ಕೀವು, ಕೆಮ್ಮಿದಾಗ ಎದೆಮೂಳೆ ಕಟಕಟ ಅನ್ನುವುದು, ಎದೆಬಡಿತ ತಾಳ ತಪ್ಪುವುದು, ಉಸಿರಾಟದ ತೊಂದರೆ ಕಂಡರೆ ರಿವ್ಯೂ ದಿನದವರೆಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

* ಉರಿಯೂತ ಇಳಿಯಲಿ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ. ಹೃದಯಕ್ಕೂ ಕಿಡ್ನಿಗೂ ಅಪಾಯ. ಡಾಕ್ಟರು ಬರೆದುಕೊಟ್ಟ ಆಸ್ಪಿರಿನ್ ಮಾತ್ರ ಬೇರೆ ವಿಷಯ, ಅದನ್ನು ಕೇಳದೆ ನಿಲ್ಲಿಸಬೇಡಿ.

* ಗಾಯಕ್ಕೆ ಅರಿಶಿನ, ಎಣ್ಣೆ ಹಚ್ಚಬೇಡಿ. ಡಯಾಬಿಟಿಸ್ ಇದ್ದರೆ ಸಕ್ಕರೆ ಹತೋಟಿಯಲ್ಲಿರಲಿ. ಇಲ್ಲದಿದ್ದರೆ ಸೋಂಕು ಬೇಗ ತಗಲುತ್ತದೆ.

ಡಾಕ್ಟರು ರೌಂಡ್ಸ್‌ಗೆ ಬಂದಾಗ 'ಸಿಆರ್‌ಪಿ ಎಷ್ಟಿದೆ?' ಅಂತ ಕೇಳುವ ಬದಲು 'ಮೊನ್ನೆಗಿಂತ ಇಳಿದಿದೆಯಾ?' ಅಂತ ಕೇಳಿ. ಸರಿಯಾದ ಪ್ರಶ್ನೆ ಅದೇ.